ಸೋರುವ ಸೂರು, ಸವೆಯದ ಸಾಲ

ಕೆರಗೋಡಿನ ಕಡೆಯಿಂದ ದಿನವೂ ಮಂಡ್ಯಕ್ಕೆ ಬಂದು ಗಿರಣಿಯಲ್ಲಿ ದುಡಿದು ಹೋಗುವ ಕಾರ್ಮಿಕರೊಬ್ಬರು ಹೋದ ವಾರ ನಮ್ಮ ಕಚೇರಿಗೆ ಬಂದಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಕ್ರಯಪತ್ರದ ನಕಲು, ಬ್ಯಾಂಕಿನ ಮಂಜೂರಾತಿ ಕಾಗದ, ಪಂಚಾಯಿತಿಯ ನಮೂನೆಗಳು. ಹದಿನೈದು ವರ್ಷ ಬಾಡಿಗೆಗೂ ಭೋಗ್ಯಕ್ಕೂ ಮನೆಯಿಂದ ಮನೆಗೆ ಸಾಮಾನು ಹೊತ್ತವರು ಈಗ ಊರಿನಲ್ಲೇ ಒಂದು ಹಳೆಯ ಹೆಂಚಿನ ಮನೆಯನ್ನು ಕೊಂಡಿದ್ದಾರೆ. ಸಂತೋಷದ ಸಮಾಚಾರವೇ. ಆದರೆ ಮನುಷ್ಯನ ಮುಖದಲ್ಲಿ ಸಂತೋಷವಿರಲಿಲ್ಲ. "ಮನೆ ಆಯ್ತು ಅಂತ ನಗನಾ, ಸೂರು ಸೋರ್ತದೆ ಅಂತ ಅಳನಾ, ನೀವೇ ಹೇಳಿ ಅಣ್ಣಾ" ಎಂದರು.

ಅವರು ಹೇಳಿದ ಕಥೆ ಅವರೊಬ್ಬರದೇ ಅಲ್ಲ. ಜಿಲ್ಲೆಯ ಅಕ್ಕಿ ಗಿರಣಿ, ಸಕ್ಕರೆ ಕಾರ್ಖಾನೆ, ಆಲೆಮನೆಗಳಲ್ಲಿ ದುಡಿಯುವವರು, ಪೇಟೆಬೀದಿಯಲ್ಲಿ ಕಿರಾಣಿ, ಬಟ್ಟೆ, ಸೈಕಲ್ ಅಂಗಡಿ ಇಟ್ಟವರು ಎಷ್ಟೋ ಮಂದಿ ಇದೇ ಗುಂಡಿಗೆ ಬಿದ್ದಿದ್ದಾರೆ. ಬೀಳುವುದಕ್ಕೆ ಇನ್ನಷ್ಟು ಮಂದಿ ದಡದಲ್ಲಿ ನಿಂತಿದ್ದಾರೆ. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಲೆಕ್ಕವನ್ನು ಮಾತ್ರ ಇಲ್ಲಿ ಬಿಡಿಸಿ ಇಡುತ್ತಿದ್ದೇವೆ.

ಮನೆಯ ಬೆಲೆ 10 ಲಕ್ಷ ರೂಪಾಯಿ. 30 ಲಕ್ಷದವರೆಗಿನ ಮನೆ ಸಾಲಗಳಲ್ಲಿ ಮನೆಯ ಬೆಲೆಯ ನೂರಕ್ಕೆ 90ರವರೆಗೆ ಸಾಲ ಕೊಡಬಹುದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಪ್ರಕಾರ 9 ಲಕ್ಷ ಮಂಜೂರಾಯಿತು. ಉಳಿದ 1 ಲಕ್ಷ ಕೈಯಿಂದ. ಈ "ಹತ್ತಕ್ಕೆ ಒಂದು ಪಾಲು ತನ್ನಿ, ಮನೆ ನಿಮ್ಮದು" ಎಂಬ ಮಾತನ್ನೇ ಬ್ಯಾಂಕಿನವರೂ ದಳ್ಳಾಳಿಗಳೂ ದೊಡ್ಡ ಅಕ್ಷರದಲ್ಲಿ ಬರೆಸುವುದು. ಮುಂದಿನದನ್ನು ಯಾರೂ ಬರೆಸುವುದಿಲ್ಲ. ನಮ್ಮ ರಾಜ್ಯದಲ್ಲಿ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ 5. ಆ ಶುಲ್ಕದ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ ಹಳ್ಳಿಗಾಡಿನಲ್ಲಿ 5.65 ಆಗುತ್ತದೆ. ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದನ್ನು 2025ರ ಆಗಸ್ಟ್ 31ರಿಂದ ಸರ್ಕಾರದವರು 2ಕ್ಕೆ ಏರಿಸಿದರು. ಅಲ್ಲಿಗೆ 10 ಲಕ್ಷದ ಮನೆಗೆ 76,500 ರೂಪಾಯಿ ಉಪನೋಂದಣಿ ಕಚೇರಿಯ ಪಾಲು. ಇವರು ಚೀಟಿ ಎತ್ತಿ, ಭೋಗ್ಯದ ಹಣ ವಾಪಸು ಪಡೆದು ಕೂಡಿಸಿದ್ದು 2 ಲಕ್ಷ. 1,76,500 ಹೋಗಿ ಉಳಿದ 23,500 ರೂಪಾಯಿ ವಕೀಲರ ಅಭಿಪ್ರಾಯ, ಬೆಲೆ ಕಟ್ಟುವವರ ಫೀಜು, ಪತ್ರ ಬರೆಯುವವರ ಕೂಲಿ, ಹಾಲುಕ್ಕಿಸಿದ ದಿನದ ನಾಲ್ಕು ಜನರ ಊಟ, ಇಷ್ಟಕ್ಕೆ ಕರಗಿತು.

ಮನೆಯೊಳಗೆ ಕಾಲಿಟ್ಟ ಮೇಲೆ ಮೊದಲ ಮಳೆ ಬಂತು. ರೀಪುಗಳು ಗೆದ್ದಲಿಗೆ ಸಂದಿದ್ದವು. ಹೆಂಚು ಸರಿದು ನಡುಮನೆಯಲ್ಲಿ ಪಾತ್ರೆ ಇಡಬೇಕಾಯಿತು. ಹಿಂದಿನ ಗೋಡೆಯ ಬುಡ ತೇವ ಹೀರಿ ಗಾರೆ ಉದುರುತ್ತಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ ನಮ್ಮ ಸೀಮೆ ಹಸಿರಾಯಿತು, ಗದ್ದೆಯ ಮಗ್ಗುಲಿನ ಮಣ್ಣುಗೋಡೆಗೆ ಮಾತ್ರ ಅದೇ ನೀರು ಶತ್ರುವಾಯಿತು. ವಿದ್ಯುತ್ ತಂತಿ ಅಜ್ಜನ ಕಾಲದ್ದು. ಬಚ್ಚಲ ನೀರು ಬೀದಿಗೆ. ಊರಿನ ಮೇಸ್ತ್ರಿ ಬಂದು ನೋಡಿ, ಎಲ್ಲ ಸೇರಿ ಎರಡೂವರೆ ಲಕ್ಷವೆಂದು ಅಂದಾಜು ಹೇಳಿದ್ದಾನೆ.

ಬ್ಯಾಂಕಿಗೆ ಹೋದರು. "ಒಂದು ವರ್ಷ ಕಂತು ಸರಿಯಾಗಿ ಕಟ್ಟಿ, ಆಮೇಲೆ ಟಾಪ್-ಅಪ್ ಸಾಲಕ್ಕೆ ಬನ್ನಿ" ಎಂದರಂತೆ. ಈ ಮಾತಿನ ಒಳಗೇನಿದೆಯೆಂದು ನೋಡಿ. ಲೆಕ್ಕಕ್ಕಾಗಿ ಬಡ್ಡಿ ನೂರಕ್ಕೆ 9, ಅವಧಿ 20 ವರ್ಷ ಎಂದಿಟ್ಟುಕೊಂಡರೆ 9 ಲಕ್ಷಕ್ಕೆ ತಿಂಗಳ ಕಂತು ಸುಮಾರು 8,098 ರೂಪಾಯಿ. ಒಂದು ವರ್ಷಕ್ಕೆ 97 ಸಾವಿರಕ್ಕೂ ಮೇಲೆ ಕಟ್ಟುತ್ತಾರೆ. ಅದರಲ್ಲಿ ಅಸಲಿಗೆ ಹೋಗುವುದು ಸುಮಾರು 16,850 ಮಾತ್ರ, ಉಳಿದದ್ದೆಲ್ಲ ಬಡ್ಡಿ. ಹೊಸ ಸಾಲವೂ ಸೇರಿ ಮನೆಯ ಬೆಲೆಯ ನೂರಕ್ಕೆ 90 ದಾಟಬಾರದೆಂಬುದು ಕಟ್ಟಳೆಯಾದ್ದರಿಂದ, ಮನೆಯ ಬೆಲೆ ಏರದಿದ್ದರೆ ವರ್ಷದ ಕೊನೆಗೆ ಇವರಿಗೆ ದೊರೆಯಬಹುದಾದ ಜಾಗ ಆ 16,850 ರೂಪಾಯಿಯಷ್ಟೇ. ಅಷ್ಟರಲ್ಲಿ ಹಿಂಬದಿಯ ಗೋಡೆಯನ್ನೂ ನಿಲ್ಲಿಸಲಾಗದು. ಹೆಚ್ಚು ಮುಂಗಡ ಕೊಟ್ಟು ಕೊಂಡವನಿಗೆ ದುರಸ್ತಿಗೆ ಸಾಲ ಸಲೀಸು. ಕಡಿಮೆ ಮುಂಗಡ ಕೊಟ್ಟವನಿಗೆ ಅದೇ ಬಾಗಿಲು ಮುಚ್ಚಿದೆ. ಆದರೆ ಹಳೆಯ, ಸೋರುವ, ಅಗ್ಗದ ಮನೆಯನ್ನು ಕೊಳ್ಳುವವನು ಯಾರು? ಈ ಎರಡನೆಯವನೇ.

ಬ್ಯಾಂಕು ಒಂದು ವರ್ಷ ಕಾಯಿರಿ ಎಂದ ಸಂಜೆಯೇ ಖಾಸಗಿಯವನೊಬ್ಬ ಮನೆ ಬಾಗಿಲಿಗೆ ಬಂದನಂತೆ. ಅವನಿಗೆ ಅಂದಾಜು ಬೇಡ, ಖಾತೆ ಬೇಡ, ಸಂಬಳದ ಚೀಟಿ ಬೇಡ. ಪ್ರೋನೋಟು, ಒಂದೆರಡು ಖಾಲಿ ಚೆಕ್ಕು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. "ಮೂರು ರೂಪಾಯಿ" ಎಂಬ ಮಾತು ಎಷ್ಟು ಮೃದುವಾಗಿ ಕೇಳುತ್ತದೆ! ಅದು ವರ್ಷಕ್ಕೆ ನೂರಕ್ಕೆ 36. ಎರಡೂವರೆ ಲಕ್ಷಕ್ಕೆ ತಿಂಗಳಿಗೆ 7,500 ರೂಪಾಯಿ. ಅದೂ ಬರಿಯ ಬಡ್ಡಿ. ಕೈಗೆ ಬರುವ ಸಂಬಳ 24,000. ಬ್ಯಾಂಕಿನ ಕಂತೂ ಈ ಬಡ್ಡಿಯೂ ಹೋದರೆ ಉಳಿಯುವುದು 8,402. ಅದರಲ್ಲಿ ಐದು ಜನರ ಅನ್ನ, ಇಬ್ಬರು ಮಕ್ಕಳ ಶಾಲೆ, ಬಸ್ಸಿನ ಪಾಸು, ತಾಯಿಯ ಔಷಧಿ.

ಇದೇ ಎರಡೂವರೆ ಲಕ್ಷವನ್ನು ನೂರಕ್ಕೆ 9ರ ಬಡ್ಡಿಯಲ್ಲಿ 10 ವರ್ಷಕ್ಕೆ ಕೊಟ್ಟರೆ ತಿಂಗಳಿಗೆ 3,167 ರೂಪಾಯಿ. ಹತ್ತು ವರ್ಷದ ಕೊನೆಗೆ ಅಸಲೂ ಬಡ್ಡಿಯೂ ಸೇರಿ ಸುಮಾರು 3,80,000 ಕಟ್ಟಿ ಸಾಲಗಾರ ಬಿಡುಗಡೆಯಾಗುತ್ತಾನೆ. ಮೂರು ರೂಪಾಯಿ ಬಡ್ಡಿಯವನಿಗೆ ನಾಲ್ಕು ವರ್ಷ ಮೂರು ತಿಂಗಳಲ್ಲೇ 3,82,500 ಸಂದಾಯವಾಗಿರುತ್ತದೆ. ಎರಡೂವರೆ ಲಕ್ಷದ ಅಸಲು ಕೂದಲೂ ಕೊಂಕದೆ ಹಾಗೆಯೇ ಕುಳಿತಿರುತ್ತದೆ. ಒಂದೇ ಸೂರು, ಒಂದೇ ಹೆಂಚು, ಒಂದೇ ಮೇಸ್ತ್ರಿ. ಸಾಲ ಯಾವ ಬಾಗಿಲಿನಿಂದ ಬಂತೆಂಬುದರ ಮೇಲೆ ಒಬ್ಬನಿಗೆ ಮನೆ ಉಳಿಯುತ್ತದೆ, ಇನ್ನೊಬ್ಬನಿಗೆ ಹೋಗುತ್ತದೆ.

ಬಾಗಿಲಿಗೆ ಬರುವ ಮೂರನೆಯವರೂ ಇದ್ದಾರೆ, ಕಿರುಸಾಲದ ಸಂಘದವರು. ಹೆಂಗಸರ ಹೆಸರಿನಲ್ಲಿ ಸಾಲ, ವಾರಕ್ಕೋ ಹದಿನೈದು ದಿನಕ್ಕೋ ಕಂತು. ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಈ ಸಾಲಗಳಲ್ಲಿ, ಎಲ್ಲ ಕಂತುಗಳೂ ಸೇರಿ ಆದಾಯದ ಅರ್ಧ ಮೀರಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಕಟ್ಟುಮಾಡಿತು. ಕಾಗದದ ಮೇಲಿನ ಕಟ್ಟು ಓಣಿಯವರೆಗೆ ಬಂದಿದ್ದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾದ ಸ್ಥಿತಿ ಬರುತ್ತಿರಲಿಲ್ಲ. ಆ ಸುಗ್ರೀವಾಜ್ಞೆ ಬರುವ ಮುಂಚಿನ ತಿಂಗಳುಗಳಲ್ಲಿ ರಾಜ್ಯದ ಹಳ್ಳಿಗಳಲ್ಲಿ ಏನೇನಾಯಿತೆಂಬುದು ನಮ್ಮ ಜಿಲ್ಲೆಯವರಿಗೆ ತಿಳಿಯದ್ದೇನಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಖಾತೆಗೆ ಬಂದ ದಿನವೇ ಸಂಘದ ಕಂತಿಗೆ ಹೋಗುವ ಮನೆಗಳನ್ನು ನಾವು ಬಲ್ಲೆವು. ಸೂರಿಗೆ ಹೊದಿಸುವ ತಗಡನ್ನು ವಾರದ ಕಂತಿನ ಸಾಲದಲ್ಲಿ ತರಬೇಡಿ. ಹತ್ತು ವರ್ಷ ಬಾಳುವ ವಸ್ತುವಿಗೆ ಎರಡು ವರ್ಷದ ಸಾಲ ಹೊಂದುವುದಿಲ್ಲ.

ರೈತ ಕುಟುಂಬದ ಕಾರ್ಮಿಕರಿಗೆ ಇನ್ನೊಂದು ಆಸೆಯುಂಟು. ಸಹಕಾರ ಸಂಘದ ಬೆಳೆ ಸಾಲ. ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಬಡ್ಡಿಯಿಲ್ಲದ ಹಣ ಕೈಗೆ ಬಂದಾಗ ಸೋರುವ ಸೂರು ಕಣ್ಣೆದುರು ನಿಲ್ಲುವುದು ಸಹಜ. ಆದರೆ ವರ್ಷದೊಳಗೆ ಪೂರ್ತಿ ಕಟ್ಟಿದರೆ ಮಾತ್ರ ಬಡ್ಡಿಯಿಲ್ಲ. ಗಡುವು ಮೀರಿದರೆ ಆ ಸವಲತ್ತೂ ಹೋಯಿತು, ಮುಂದಿನ ಬೆಳೆಗೆ ಸಾಲವೂ ಹೋಯಿತು. ಕಬ್ಬಿನ ಹಣ ಸಕಾಲಕ್ಕೆ ಬರುತ್ತದೆಂಬ ಭರವಸೆ ಮಂಡ್ಯದವರಿಗೆ ಯಾರು ಕೊಟ್ಟಾರು? 1930ರ ದಶಕದಲ್ಲಿ ಆರಂಭವಾಗಿ ಜಿಲ್ಲೆಗೆಲ್ಲ ಅನ್ನವಿಕ್ಕಿದ ಮೈಷುಗರ್ ಕಾರ್ಖಾನೆಯೇ ಕೆಲವು ವರ್ಷ ಚಕ್ರ ನಿಲ್ಲಿಸಿ 2022ರಲ್ಲಿ ಮತ್ತೆ ಅರೆಯತೊಡಗಿದ್ದನ್ನು ನೋಡಿದ್ದೇವೆ. ಆ ವರ್ಷಗಳಲ್ಲಿ ಕಾರ್ಮಿಕನ ಸಂಬಳ ಮಾತ್ರ ನಿಂತಿತೆಂದು ತಿಳಿಯಬೇಡಿ. ಅವನಿಗೆ ಉದ್ದರಿ ಕೊಟ್ಟ ಅಂಗಡಿಯವನ ಪುಸ್ತಕವೂ ನಿಂತಿತು.

ಅಂಗಡಿಯವರ ಮಾತು ಬಂದುದರಿಂದ ಹೇಳಬೇಕು. ಸಣ್ಣ ವ್ಯಾಪಾರಿಗೆ ಸಂಬಳದ ಚೀಟಿಯಿಲ್ಲ. ದಿನಕ್ಕೆ ನೂರು ಇನ್ನೂರು ಪಿಗ್ಮಿ ಕಟ್ಟುತ್ತಾನೆ. ಈ ಪಿಗ್ಮಿಯೆಂಬುದು ಹೊರಗಿನವರು ಕಲಿಸಿದ ವಿದ್ಯೆಯಲ್ಲ; 1928ರಲ್ಲಿ ನಮ್ಮ ಕರಾವಳಿಯ ಸಿಂಡಿಕೇಟ್ ಬ್ಯಾಂಕು ಬಡವರ ಮನೆ ಬಾಗಿಲಿಗೇ ಹೋಗಿ ಬಿಡಿಗಾಸು ಕೂಡಿಸಿದ ವಿದ್ಯೆ. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬಿಡಿಗಾಸು ತೆಗೆದುಕೊಳ್ಳುವಾಗ ಬಾಗಿಲಿಗೆ ಬಂದ ಬ್ಯಾಂಕುಗಳು ಸಾಲ ಕೊಡುವಾಗ ಮೂರು ವರ್ಷದ ಆದಾಯ ತೆರಿಗೆ ಲೆಕ್ಕ ತನ್ನಿ ಎನ್ನುತ್ತವೆ. ಐದು ವರ್ಷ ತಪ್ಪದೆ ಕಟ್ಟಿದ ಪಿಗ್ಮಿ ಪುಸ್ತಕಕ್ಕಿಂತ ನಂಬಿಗಸ್ತ ಸಾಕ್ಷಿ ಇನ್ನಾವುದಿದೆ? ಮನೆಯ ಮುಂಭಾಗದಲ್ಲಿ ಅಂಗಡಿಯಿರುವವರಿಗೆ ಒಂದು ಅನುಕೂಲವುಂಟು. 2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ ಶಿಶು ಸಾಲ 50 ಸಾವಿರದವರೆಗೆ, ಕಿಶೋರ ಸಾಲ 5 ಲಕ್ಷದವರೆಗೆ. ಅಂಗಡಿಯ ಭಾಗದ ನೆಲ, ಬಾಗಿಲು, ಕಪಾಟು ವ್ಯಾಪಾರದ ವೆಚ್ಚವೇ ಆದ್ದರಿಂದ ಅಷ್ಟಕ್ಕೆ ಕೇಳುವುದರಲ್ಲಿ ತಪ್ಪಿಲ್ಲ. ಅಡಿಗೆಮನೆಯ ಗೋಡೆಯನ್ನು ಅಂಗಡಿಯ ಲೆಕ್ಕಕ್ಕೆ ಬರೆಯಬೇಡಿ. ನಾಳೆ ತೊಂದರೆಗೆ ಸಿಕ್ಕುವವರು ನೀವೇ.

ಈಗ ಕೊಳ್ಳುವವರೇ ಮಾಡಿಕೊಳ್ಳುವ ಒಂದು ಅನ್ಯಾಯದ ವಿಷಯ. ನಿಜವಾದ ಬೆಲೆ ಹತ್ತು ಲಕ್ಷವಿದ್ದರೆ ಪತ್ರದಲ್ಲಿ ಏಳೇ ಬರೆಸುವುದು, ಉಳಿದ ಮೂರನ್ನು ಕತ್ತಲಲ್ಲಿ ಕೊಡುವುದು. ಶುಲ್ಕ ಉಳಿಯಿತೆಂದು ಹಿಗ್ಗುತ್ತಾರೆ. 7.65ರ ಲೆಕ್ಕದಲ್ಲಿ ಉಳಿಯುವುದು 22,950 ರೂಪಾಯಿ. ಆದರೆ ಬ್ಯಾಂಕು ಸಾಲ ಕೊಡುವುದು ಪತ್ರದ ಏಳು ಲಕ್ಷದ ಮೇಲೆ. ನೂರಕ್ಕೆ 90 ಎಂದರೂ 6,30,000. ಒಂದು ಲಕ್ಷವೆಂದುಕೊಂಡಿದ್ದ ಮುಂಗಡ 3,70,000 ಆಯಿತು. ಆ ಹೆಚ್ಚಿನ ಹಣ ಬರುವುದು ಮತ್ತದೇ ಮೂರು ರೂಪಾಯಿ ಬಡ್ಡಿಯವನಿಂದ. ಮಾರುವವನಿಗೆ ಕಪ್ಪುಹಣ, ಬಡ್ಡಿಯವನಿಗೆ ಹಬ್ಬ, ಕೊಂಡವನಿಗೆ ಪಂಗನಾಮ. ಇಪ್ಪತ್ತು ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ಪಡೆಯಕೂಡದೆಂದು 2015ರಿಂದ ಆದಾಯ ತೆರಿಗೆ ಕಾನೂನಿನಲ್ಲೇ ಇದೆ. ಪೂರ್ತಿ ಬೆಲೆಯನ್ನು ಪತ್ರದಲ್ಲಿ ಬರೆಸಿ, ಚೆಕ್ಕಿನಲ್ಲೇ ಕೊಡಿ. ಮನೆಯ ಬೆಲೆ 10 ಲಕ್ಷ ಮೀರದಿದ್ದರೆ ಮುದ್ರಾಂಕ, ನೋಂದಣಿ ವೆಚ್ಚವನ್ನೂ ಮನೆಯ ಬೆಲೆಗೆ ಸೇರಿಸಿ ಸಾಲದ ಪ್ರಮಾಣ ಲೆಕ್ಕ ಹಾಕಬಹುದೆಂದು 2015ರಲ್ಲೇ ರಿಸರ್ವ್ ಬ್ಯಾಂಕು ಅನುಮತಿ ಕೊಟ್ಟಿದೆ. "ಸೇರಿಸಬಹುದು" ಎಂದಿದೆಯೇ ಹೊರತು "ಸೇರಿಸತಕ್ಕದ್ದು" ಎಂದಿಲ್ಲ. ಆದುದರಿಂದ ಕೇಳದವರಿಗೆ ಯಾರೂ ಸೇರಿಸುವುದಿಲ್ಲ. ಕೇಳಿ.

ಸರ್ಕಾರದ ಸಹಾಯಧನವೆಲ್ಲಿ ಎಂದು ಓದುಗರು ಕೇಳಬಹುದು. ಪ್ರಧಾನಮಂತ್ರಿಗಳ ಗ್ರಾಮೀಣ ವಸತಿ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ 1,20,000 ರೂಪಾಯಿ. ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳು ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ನಡೆಯುತ್ತವೆ. ಇವೆಲ್ಲ ಮನೆಯಿಲ್ಲದವರು, ಗುಡಿಸಲಿನವರು ಹೊಸ ಮನೆ ಕಟ್ಟುವುದಕ್ಕೆ. 2024ರಲ್ಲಿ ಬಂದ ಬಡ್ಡಿ ಸಹಾಯಧನದ ಯೋಜನೆ, 25 ಲಕ್ಷದೊಳಗಿನ ಸಾಲಕ್ಕೆ ಒಟ್ಟು 1,80,000 ರೂಪಾಯಿವರೆಗೆ ಕೊಡತಕ್ಕದ್ದು, ಪಟ್ಟಣದವರಿಗೆ ಮೀಸಲು. ಮಂಡ್ಯದಲ್ಲಿ ದುಡಿದು ಕೆರಗೋಡಿನಲ್ಲಿ ಹಳೆಯ ಮನೆ ಕೊಂಡವನು ಈ ಎರಡರ ನಡುವಿನ ಸಂದಿಗೆ ಬೀಳುತ್ತಾನೆ. ಅವನು ಗುಡಿಸಲಿನವನಲ್ಲ, ಪಟ್ಟಣದವನೂ ಅಲ್ಲ. ಸಾಲ ಮಾಡಿ ತನ್ನ ಕಾಲ ಮೇಲೆ ನಿಂತ ತಪ್ಪಿಗೆ ಪಟ್ಟಿಯಿಂದ ಹೊರಗೆ. ವಸತಿ ಪಟ್ಟಿಯಲ್ಲಿ ಹೆಸರಿರುವವರು ಹಳೆಯ ಮನೆಗೆ ಮುಂಗಡ ಕೊಡುವ ಮೊದಲು ಪಂಚಾಯಿತಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಕಕ್ಕಸಿಲ್ಲದ ಅರ್ಹ ಮನೆಯವರಿಗೆ ಸ್ವಚ್ಛ ಭಾರತ ಯೋಜನೆಯ 12,000 ರೂಪಾಯಿ ಇದೆ. ಚಿಕ್ಕ ಮೊತ್ತವೆಂದು ಬಿಡಬೇಡಿ.

ಕೈಗಾರಿಕಾ ಕಾರ್ಮಿಕರ ವಸತಿಗೆ ಕೇಂದ್ರ ಸರ್ಕಾರ 1952ರಲ್ಲೇ ಸಹಾಯಧನದ ಯೋಜನೆ ಮಾಡಿತ್ತು. ಕಾರ್ಮಿಕನಿಗೆ ಮನೆ ಕೊಡುವುದು ಕೈಗಾರಿಕೆಯ ಹೊಣೆಯೂ ಹೌದು, ಸರ್ಕಾರದ ಹೊಣೆಯೂ ಹೌದು ಎಂಬ ಮಾತು ಅಂದು ಅಧಿಕಾರಾರೂಢ ಪಕ್ಷದವರ ಬಾಯಲ್ಲೂ ಇತ್ತು. ಎಪ್ಪತ್ತು ವರ್ಷ ಕಳೆಯುವುದರೊಳಗೆ ಆ ಹೊಣೆ ಕಾರ್ಖಾನೆಯ ಹೆಗಲಿನಿಂದ ಇಳಿಯಿತು, ಸರ್ಕಾರದ ಹೆಗಲಿನಿಂದ ಇಳಿಯಿತು, ಕೊನೆಗೆ ಕಂತಿನ ರೂಪದಲ್ಲಿ ಕಾರ್ಮಿಕನ ಹೆಗಲ ಮೇಲೇ ಕುಳಿತಿತು. ಮನೆ ಕಟ್ಟಿಸಿ ಕೊಡುವುದಿಲ್ಲವೆಂದ ಮೇಲೆ, ಕೊಂಡ ಮನೆಯನ್ನು ಉಳಿಸಿಕೊಳ್ಳುವ ದಾರಿಯನ್ನಾದರೂ ತೆರೆಯಬೇಡವೇ?

ದಾರಿ ಹೊಸದೇನೂ ಅಲ್ಲ. ಬಂಡವಾಳಶಾಹಿಯ ಕೋಟೆಯೆನಿಸಿದ ಅಮೆರಿಕದಲ್ಲೇ ಅದಿದೆ! ಅಲ್ಲಿಯ ವಸತಿ ಕಾನೂನಿನ 203(ಕೆ) ಎಂಬ ಕಲಮಿನ ಕೆಳಗೆ ಹಳೆಯ ಮನೆಯನ್ನು ಕೊಳ್ಳುವ ಹಣವನ್ನೂ ಅದನ್ನು ದುರಸ್ತಿ ಮಾಡುವ ಹಣವನ್ನೂ ಒಂದೇ ಸಾಲವಾಗಿ ಕೊಡುತ್ತಾರೆ. ಸರ್ಕಾರದ ವಸತಿ ಇಲಾಖೆ ಆ ಸಾಲಕ್ಕೆ ವಿಮೆಯ ಆಸರೆ ನಿಲ್ಲುತ್ತದೆ. ಕೊಳ್ಳುವವನ ಮುಂಗಡ ನೂರಕ್ಕೆ ಮೂರೂವರೆಯಷ್ಟಿದ್ದರೂ ಸಾಕು. ದುರಸ್ತಿಯ ಹಣವನ್ನು ಕೈಗೆ ಸುರಿಯುವುದಿಲ್ಲ. ಬೇರೆ ಖಾತೆಯಲ್ಲಿಟ್ಟು ಕೆಲಸ ನಡೆದಂತೆ ಬಿಡುಗಡೆ ಮಾಡುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1775ರಲ್ಲಿ ರಿಚರ್ಡ್ ಕೆಟ್ಲಿ ಎಂಬ ಪಾನಗೃಹದ ಯಜಮಾನನ ಮನೆಯಲ್ಲಿ ಜನರು ಕೂಡಿ ತಿಂಗಳ ವಂತಿಗೆ ಹಾಕಿ ಒಬ್ಬರ ನಂತರ ಒಬ್ಬರು ಮನೆ ಮಾಡಿಕೊಂಡ ಸಂಘ ಹುಟ್ಟಿತು. ನಮ್ಮ ಓಣಿಯ ಚೀಟಿಯ ಅಣ್ಣತಮ್ಮನೇ ಅದು. ಅಷ್ಟು ದೂರ ಹೋಗುವುದೂ ಬೇಡ. 1905ರಲ್ಲಿ ಗದುಗಿನ ಬಳಿಯ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದವರು ಕನ್ನಡದ ಹಳ್ಳಿಯವರು.

ಆದ್ದರಿಂದ ನಾವು ಕೇಳುವುದು ಇಷ್ಟು. ಹಳೆಯ ಮನೆ ಕೊಳ್ಳುವವನಿಗೆ ಖರೀದಿ ಮತ್ತು ದುರಸ್ತಿ ಎರಡಕ್ಕೂ ಒಂದೇ ಅರ್ಜಿ, ಒಂದೇ ಸಾಲ. ಎಂಜಿನಿಯರ್ ಕೊಟ್ಟ ಅಂದಾಜು ಆಧಾರ. ದುರಸ್ತಿಯ ಪಾಲು ಎರಡು ಕಂತಿನಲ್ಲಿ, ಸೂರು ಮುಗಿದ ಮೇಲೆ ಉಳಿದದ್ದು. ಮೇಲಿನ ಕಾರ್ಮಿಕರ ಲೆಕ್ಕವನ್ನೇ ಹಿಡಿಯಿರಿ. ಮನೆಗೆ 10 ಲಕ್ಷ, ದುರಸ್ತಿಗೆ ಎರಡೂವರೆ, ಒಟ್ಟು ಹನ್ನೆರಡೂವರೆ. ನೂರಕ್ಕೆ 90 ಎಂದರೆ ಸಾಲ 11,25,000. ಕೈಯಿಂದ 1,25,000, ನೋಂದಣಿಗೆ 76,500, ಕೂಡಿದರೆ 2,01,500. ಅವರ ಬಳಿ ಇದ್ದದ್ದು ಎರಡು ಲಕ್ಷ! ಫೀಜುಗಳಿಗೆ ಅಷ್ಟಿಷ್ಟು ಕೈಸಾಲವಾದರೂ ತಿಂಗಳ ಕಂತು 10,122 ರೂಪಾಯಿ. ಸಂಬಳದಲ್ಲಿ ಉಳಿಯುತ್ತಿದ್ದದ್ದು 13,878. ಮೂರು ರೂಪಾಯಿ ಬಡ್ಡಿಯ ದಾರಿಯಲ್ಲಿ ಉಳಿಯುವ 8,402ಕ್ಕೂ ಇದಕ್ಕೂ ಇರುವ ಅಂತರ ಒಂದು ಕುಟುಂಬದ ಊಟದ ಅಂತರ. ಹಾಳು ಮನೆಯ ಬೆಲೆಯ ಮೇಲೆ ಸಾಲ ಕೊಟ್ಟು ಅದು ಇನ್ನಷ್ಟು ಹಾಳಾಗುವುದನ್ನು ನೋಡುತ್ತ ಕೂರುವುದಕ್ಕಿಂತ, ಸರಿಪಡಿಸಿದ ಮನೆಯನ್ನು ಅಡಮಾನವಾಗಿ ಹಿಡಿಯುವುದು ಬ್ಯಾಂಕಿಗೂ ಕ್ಷೇಮವೆಂಬುದನ್ನು ಬ್ಯಾಂಕಿನವರಿಗೆ ನಾವು ಹೇಳಿಕೊಡಬೇಕೇ?

ಇದನ್ನು ಮೊದಲು ಮಾಡಬೇಕಾದದ್ದು ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು. ಗ್ರಾಮೀಣ ಸಹಕಾರ ಬ್ಯಾಂಕುಗಳು ಒಬ್ಬರಿಗೆ ಕೊಡಬಹುದಾದ ಮನೆ ಸಾಲದ ಮಿತಿಯನ್ನು 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು 20 ಲಕ್ಷದಿಂದ 50 ಲಕ್ಷಕ್ಕೆ, ದೊಡ್ಡ ಬ್ಯಾಂಕುಗಳಿಗೆ 30ರಿಂದ 75 ಲಕ್ಷಕ್ಕೆ ಏರಿಸಿದೆ. ಕಾನೂನು ಅಡ್ಡಬರುತ್ತದೆಂಬ ನೆಪ ಇನ್ನು ನಡೆಯದು. ಆಡಳಿತ ಮಂಡಳಿಯ ಚುನಾವಣೆಗೆ ಜೀಪು ಹತ್ತಿ ಊರೂರು ಸುತ್ತುವವರು ಈ ಒಂದು ನಿರ್ಣಯ ಮಾಡಲಿ.

ಇನ್ನು ಕಾಗದಪತ್ರ. ಗ್ರಾಮಠಾಣದ ಹಳೆಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇಲ್ಲದೆ ನೋಂದಣಿಯೂ ಇಲ್ಲ, ಬ್ಯಾಂಕೂ ಇಲ್ಲ. ಅಜ್ಜನ ಹೆಸರಿನಲ್ಲೇ ನಿಂತ ಖಾತೆ, ಅಣ್ಣತಮ್ಮಂದಿರ ಭಾಗದ ತಕರಾರು ಇವೆಲ್ಲ ಮಾರುವವನ ಕೆಲಸ. ಅದು ಮುಗಿಯದೆ ಮುಂಗಡ ಕೊಡಬೇಡಿ. ಸಾಲದ ಪತ್ರಕ್ಕೆ ರುಜು ಹಾಕುವ ಮೊದಲು ಬಡ್ಡಿ, ಫೀಜು, ಕಂತು ಎಲ್ಲವನ್ನೂ ಒಂದೆಡೆ ಬರೆದ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡತಕ್ಕದ್ದೆಂದು 2024ರ ಅಕ್ಟೋಬರ್ 1ರಿಂದ ನಿಯಮವಿದೆ. ಕನ್ನಡದಲ್ಲಿ ಕೇಳಿ ಪಡೆಯಿರಿ. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಬೇಗ ತೀರಿಸಿದರೆ ದಂಡ ಹಾಕುವಂತಿಲ್ಲ. ಬೋನಸ್ಸು ಬಂದ ವರ್ಷ ಹತ್ತು ಸಾವಿರವನ್ನಾದರೂ ಅಸಲಿಗೆ ಕಟ್ಟಿ. ಸಾಲ ತೀರಿದ ಮೂವತ್ತು ದಿನದೊಳಗೆ ಮೂಲಪತ್ರ ಹಿಂದಿರುಗಿಸದೆ ತನ್ನ ತಪ್ಪಿನಿಂದ ತಡಮಾಡಿದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ತೆರಬೇಕೆಂಬುದು 2023ರ ಆಜ್ಞೆ.

ದುರಸ್ತಿಯಲ್ಲೂ ಮುಂದು ಹಿಂದು ಇದೆ. ಮೊದಲು ಸೂರು, ಆಮೇಲೆ ಗೋಡೆಯ ಬುಡ, ವಿದ್ಯುತ್ ತಂತಿ, ಬಚ್ಚಲು ಕಕ್ಕಸು. ಬಣ್ಣ, ಗ್ರಾನೈಟು, ಮುಂಬಾಗಿಲಿನ ಕೆತ್ತನೆ ಇವೆಲ್ಲ ನೆಂಟರ ಕಣ್ಣಿಗೆ ಕಾಣುತ್ತವೆ, ರೀಪು ಕಾಣುವುದಿಲ್ಲ. ಗೃಹಪ್ರವೇಶಕ್ಕೆ ಊರಿಗೆಲ್ಲ ಊಟ ಹಾಕಿ ಒಂದು ಲಕ್ಷ ಕಳೆದು, ಮರುವಾರ ಹೆಂಚಿಗೆ ಸಾಲ ಕೇಳಿಕೊಂಡು ಬಂದವರನ್ನೂ ಕಂಡಿದ್ದೇವೆ. ಹೇಳಿದರೆ ಕೋಪ ಬರುತ್ತದೆ, ಆದರೂ ಹೇಳಿದ್ದೇವೆ.

ನಮ್ಮ ಕಚೇರಿಗೆ ಬಂದವರಿಗೆ ನಾವು ಕೇಳಿದ ಮೊದಲ ಪ್ರಶ್ನೆ, ಪ್ರಾವಿಡೆಂಟ್ ಫಂಡ್ ಎಷ್ಟು ವರ್ಷದ್ದು ಎಂಬುದು. ಹನ್ನೊಂದು ವರ್ಷವಂತೆ. 1952ರ ಯೋಜನೆಯ 68-ಬಿ ಕಂಡಿಕೆಯಲ್ಲಿ ಮನೆ ಕೊಳ್ಳುವುದಕ್ಕೆ ಮಾತ್ರವಲ್ಲ, ಸ್ವಂತ ಮನೆಯ ದುರಸ್ತಿಗೂ ಮುಂಗಡವಿತ್ತು: ಕಟ್ಟಿ ಮುಗಿದು ಐದು ವರ್ಷವಾದ ಮನೆಯಾಗಿದ್ದರೆ, ಹನ್ನೆರಡು ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ ಅಥವಾ ಸದಸ್ಯನ ಸ್ವಂತ ವಂತಿಗೆ ಬಡ್ಡಿ ಸಹಿತ, ಯಾವುದು ಕಡಿಮೆಯೋ ಅಷ್ಟು. 2025ರ ಅಕ್ಟೋಬರ್ 13ರಂದು ಕೇಂದ್ರ ಮಂಡಳಿಯು ಇಂಥ ಹದಿಮೂರು ಕಂಡಿಕೆಗಳನ್ನು ಮೂರು ಬಗೆಯಾಗಿ ಒಟ್ಟುಗೂಡಿಸಲು, ಹನ್ನೆರಡು ತಿಂಗಳ ಸೇವೆಯಾದವರಿಗೆಲ್ಲ ಅವಕಾಶ ಕೊಡಲು, ವಂತಿಗೆಯ ನೂರಕ್ಕೆ 25ರಷ್ಟನ್ನು ಖಾತೆಯಲ್ಲಿ ಉಳಿಸಲು ತೀರ್ಮಾನಿಸಿತು. ಆ ಮೂರರಲ್ಲಿ ವಸತಿಯೂ ಒಂದು. ಅದು ಸಾಲವಲ್ಲ, ಬಡ್ಡಿಯಿಲ್ಲ, ಅವರದೇ ದುಡ್ಡು. ಮುಪ್ಪಿನ ಗಂಟನ್ನು ಬಿಚ್ಚಿರೆಂದು ಹೇಳುವುದಕ್ಕೆ ನಮಗೂ ಮನಸ್ಸಿಲ್ಲ. ಮೂರು ರೂಪಾಯಿ ಬಡ್ಡಿಯವನು ಹೊಸ್ತಿಲಲ್ಲಿ ನಿಂತಿರುವಾಗ ಬೇರೆ ಮಾತೂ ಇಲ್ಲ. ಗುತ್ತಿಗೆಯ ಮೇಲೆ ದುಡಿಸಿ ಫಂಡು ಕಟ್ಟದ ಮಾಲೀಕರ ಕೈಕೆಳಗಿರುವವರಿಗೆ ಈ ಬಾಗಿಲೂ ಇಲ್ಲವೆಂಬುದು ಬೇರೆಯ ಸಂಪಾದಕೀಯಕ್ಕೆ ವಿಷಯ, ಬರೆಯುತ್ತೇವೆ.

ಅವರ ಸ್ವಂತ ಪಾಲು ಸುಮಾರು 1,30,000 ಇರಬಹುದೆಂದು ಲೆಕ್ಕ ಹಾಕಿದರು. ಮೇಸ್ತ್ರಿಯ ಎರಡೂವರೆ ಲಕ್ಷವನ್ನು ಕುಳಿತು ಬಿಡಿಸಿದೆವು. ಸೂರು, ಹಿಂದಿನ ಗೋಡೆ, ತಂತಿ ಇಷ್ಟು ಈ ವರ್ಷ. ನೆಲ, ಬಚ್ಚಲ ವಿಸ್ತರಣೆ, ಬಣ್ಣ ಮುಂದಕ್ಕೆ. ಹಳೆಯ ಹೆಂಚಿನಲ್ಲಿ ಮುಕ್ಕಾಲು ಪಾಲು ಗಟ್ಟಿಯಿದೆಯಂತೆ. ತೊಳೆದು ಮತ್ತೆ ಹೊದಿಸಿದರಾಯಿತು. ಪ್ರೋನೋಟಿಗೆ ಇನ್ನೂ ರುಜು ಹಾಕಿಲ್ಲ. ಪಾಸ್‌ಪುಸ್ತಕ ತರುತ್ತೇನೆಂದು ಕೆರಗೋಡಿನ ಬಸ್ಸು ಹಿಡಿದು ಹೋದರು.